ಕಲಬುರಗಿಯಿಂದ ಮುಕ್ತಿನಾಥಕ್ಕೆ ಬೈಕ್ ಮೇಲೆ: ಹೊರಡುವ ಮೊದಲು ಮಾಡಿಕೊಳ್ಳಬೇಕಾದ ತಯಾರಿ

ನಮ್ಮ ಭಾಗದಲ್ಲಿ ನೇಪಾಳದ ಹಿಮಾಲಯದಲ್ಲಿರುವ ಮುಕ್ತಿನಾಥ ದೇವಸ್ಥಾನಕ್ಕೆ ಹೋಗಿ ಬಂದ ಹಿರಿಯರು ಬಹಳ ಜನ ಇದ್ದಾರೆ. ಹೆಚ್ಚಿನವರು ರೈಲು, ಬಸ್ಸು, ಯಾತ್ರೆಯ ಪ್ಯಾಕೇಜ್ ಹಿಡಿದು ಹೋದವರು. ಈಗ ಅದೇ ಜಾಗಕ್ಕೆ ಸ್ವಂತ ಬೈಕ್ ಮೇಲೆ ಹೋಗಬೇಕು ಅಂತ ಕಲಬುರಗಿ, ಬೀದರ್, ಯಾದಗಿರಿಯ ಹುಡುಗರು, ಹುಡುಗಿಯರು ಕೇಳುತ್ತಾರೆ. ಅವರು ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವ ಗಾಡಿ ಇರಬೇಕ್ರಿ?"

ಗಾಡಿಯ ಮಾತು ಆಮೇಲೆ. ಮೊದಲು ಕೇಳಿಕೊಳ್ಳಬೇಕಾದದ್ದು, ನನ್ನ ಕಾಗದಪತ್ರ ಸರಿ ಇವೆಯಾ ಅಂತ. ಎಂಜಿನ್ ಕೈಕೊಟ್ಟರೆ ದಾರಿಯಲ್ಲಿ ಯಾರಾದರೂ ಮಿಸ್ತ್ರಿ ಸಿಗುತ್ತಾನೆ. ಗಡಿಯ ಕಿಟಕಿಯ ಮುಂದೆ ನಿಂತಾಗ ಆರ್‌ಸಿಯಲ್ಲಿ ಒಂದು ಹೆಸರು, ಗುರುತಿನ ಚೀಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಅದನ್ನು ಅಲ್ಲೇ ಸರಿ ಮಾಡುವವರು ಯಾರೂ ಇಲ್ಲ. ಊರಿಂದ ಅಷ್ಟು ದೂರ ಹೋಗಿ ವಾಪಸ್ ಬರಬೇಕಾಗುತ್ತದೆ. ಅದಕ್ಕೇ ಮೂರು ತಿಂಗಳ ಮುಂಚೆಯೇ ಕಾಗದದ ಕೆಲಸ ಶುರು ಮಾಡಿ ಅಂತ ನಾನು ಹೇಳುವುದು.

ಮೊದಲ ವಿದೇಶ ಪ್ರಯಾಣಕ್ಕೆ ನೇಪಾಳವನ್ನೇ ಯಾಕೆ ಆರಿಸಬೇಕು? ಭಾರತೀಯರಿಗೆ ವೀಸಾ ಬೇಡ. ಅಲ್ಲೂ ರಸ್ತೆಯ ಎಡಗಡೆಯೇ ಓಡಿಸುತ್ತಾರೆ. ನಮ್ಮ ನಂಬರ್ ಪ್ಲೇಟಿನ ಗಾಡಿಯನ್ನೇ ಒಯ್ಯಬಹುದು. ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ನಡೆಯುತ್ತದೆ. ಭಾಷೆಯ ಚಿಂತೆಯೂ ಇಲ್ಲ. ಕಲಬುರಗಿಯ ಮಾರ್ಕೆಟ್ಟಿನಲ್ಲಿ ದಖನಿ ಮಾತಾಡಿ ಬೆಳೆದವರಿಗೆ ಹಿಂದಿಯಲ್ಲಿ ಚೌಕಾಸಿ ಮಾಡುವುದು ಕಲಿಸಬೇಕೇ?

ಯಾವಾಗ ಹೊರಡಬೇಕು

ನೇಪಾಳದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ. ಆಗ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ಸಾಮಾನ್ಯ. ಡಿಸೆಂಬರ್, ಜನವರಿಯಲ್ಲಿ ಉತ್ತರ ಪ್ರದೇಶದ ಬಯಲಿನಲ್ಲಿ ದಟ್ಟ ಮಂಜು ಇರುತ್ತದೆ. ಮುಂದೆ ಹೋಗುವ ಲಾರಿ ಕಾಣುವುದಿಲ್ಲ. ಉಳಿದದ್ದು ಎರಡು ಕಾಲ: ಮಾರ್ಚ್-ಏಪ್ರಿಲ್, ಇಲ್ಲವೇ ಅಕ್ಟೋಬರ್-ನವೆಂಬರ್. ಏಪ್ರಿಲ್‌ನಲ್ಲಿ ಹೊರಟರೆ ನಮ್ಮ ಬಿಸಿಲಿನ ಜೊತೆಗೆ ವಿದರ್ಭದ ಬಿಸಿಲನ್ನೂ ದಾಟಬೇಕು. ಹಾಗಾಗಿ ನನ್ನ ಆಯ್ಕೆ ದಸರಾ ಮುಗಿದ ಮೇಲಿನ ದಿನಗಳು.

ಇಲ್ಲೊಂದು ಲೆಕ್ಕ ಇದೆ. ನಮ್ಮ ದಸರಾ ಹೊತ್ತಿಗೇ ಅಲ್ಲಿ ದಶೈಂ ಹಬ್ಬ. ನೇಪಾಳಿಗರಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ವಿಜಯದಶಮಿಯಂದು ಹಿರಿಯರ ಕೈಯಿಂದ ಟೀಕಾ ಇಡಿಸಿಕೊಳ್ಳಲು ಎಲ್ಲರೂ ಊರಿಗೆ ಹೋಗುತ್ತಾರೆ. ಆಫೀಸು, ಅಂಗಡಿ, ಗ್ಯಾರೇಜು ಮುಚ್ಚಿರುತ್ತವೆ. ಹಬ್ಬ ಹುಣ್ಣಿಮೆಗೆ ಮುಗಿಯುತ್ತದೆ. ನಾವು ಇಲ್ಲಿ ಬನ್ನಿ ಹಂಚಿ, ಮರುದಿನ ಹೊರಟು, ಐದಾರು ದಿನ ನಿಧಾನಕ್ಕೆ ಓಡಿಸಿದರೆ ಸೀಗಿ ಹುಣ್ಣಿಮೆ ಹೊತ್ತಿಗೆ ಗಡಿ ತಲುಪುತ್ತೇವೆ. ಅಷ್ಟರಲ್ಲಿ ಅಲ್ಲಿ ಬಾಗಿಲುಗಳು ತೆರೆಯುತ್ತಿರುತ್ತವೆ. ಆಕಾಶ ಸ್ವಚ್ಛ, ಬೆಟ್ಟ ಪೂರ್ತಿ ಕಾಣುತ್ತದೆ. ದೀಪಾವಳಿ ವಾರದಲ್ಲಿ ಅಲ್ಲಿ ತಿಹಾರ್ ಹಬ್ಬ ಬರುತ್ತದೆ. ಅದಕ್ಕೆ ಮೊದಲು ಬೆಟ್ಟದ ದಾರಿ ಮುಗಿಸಿಕೊಂಡರೆ ಒಳ್ಳೆಯದು.

ಕಾಗದಪತ್ರ

ಗುರುತಿಗೆ ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗ ಕೊಟ್ಟ ವೋಟರ್ ಐಡಿ, ಎರಡರಲ್ಲಿ ಒಂದು ಮೂಲ ಪ್ರತಿ ಬೇಕು. ಆಧಾರ್ ಇದೆಯಲ್ಲ ಅಂತ ಸುಮ್ನೆ ಹೊರಡಬೇಡಿ. 15 ವರ್ಷದೊಳಗಿನ ಮಕ್ಕಳು ಮತ್ತು 65 ದಾಟಿದವರನ್ನು ಬಿಟ್ಟು ಉಳಿದವರಿಗೆ ನೇಪಾಳ ಪ್ರಯಾಣಕ್ಕೆ ಆಧಾರ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲ್ಲದಿದ್ದರೆ ಈ ನೆಪದಲ್ಲಿ ಮಾಡಿಸಿಕೊಳ್ಳಿ. ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ, ಬೆಂಗಳೂರಿಗೆ ಓಡಬೇಕಾಗಿಲ್ಲ. ಪೊಲೀಸ್ ವೆರಿಫಿಕೇಶನ್‌ಗೆ ಸಮಯ ಹಿಡಿಯಬಹುದು.

ಗಾಡಿಯ ಕಾಗದಗಳಲ್ಲಿ ಆರ್‌ಸಿ, ಡ್ರೈವಿಂಗ್ ಲೈಸೆನ್ಸ್, ಇನ್ಶೂರೆನ್ಸ್, ಹೊಗೆ ತಪಾಸಣೆಯ ಚೀಟಿ ಬೇಕು. ಮೊಬೈಲಿನ ಡಿಜಿಲಾಕರ್ ನಮ್ಮ ದೇಶದೊಳಗೆ ಸಾಕಾಗುತ್ತದೆ. ಗಡಿಯಾಚೆ ಅದನ್ನು ನಂಬಬೇಡಿ, ಕಾರ್ಡುಗಳನ್ನೇ ಒಯ್ಯಿರಿ. ಪ್ರತಿಯೊಂದರ ಎರಡೆರಡು ಜೆರಾಕ್ಸ್, ನಾಲ್ಕಾರು ಪಾಸ್‌ಪೋರ್ಟ್ ಸೈಜ್ ಫೋಟೋ ಜೊತೆಗಿರಲಿ. ಮೂಲ ಪ್ರತಿ ಮತ್ತು ಜೆರಾಕ್ಸ್ ಒಂದೇ ಬ್ಯಾಗಿನಲ್ಲಿ ಬೇಡ.

ಈಗ ಹೆಸರಿನ ವಿಷಯ. ಇದನ್ನು ನಾನು ಒತ್ತಿ ಹೇಳುತ್ತೇನೆ. ನಮ್ಮ ಕಡೆ ಒಬ್ಬರ ಹೆಸರನ್ನು ಒಂದೊಂದು ಆಫೀಸಿನಲ್ಲಿ ಒಂದೊಂದು ಥರ ಬರೆದಿರುತ್ತಾರೆ. ಶಾಲೆಯ ದಾಖಲೆಯಲ್ಲಿ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರೂ ಇರುತ್ತವೆ. ಲೈಸೆನ್ಸಿನಲ್ಲಿ ಮನೆತನದ ಹೆಸರು ಬಿಟ್ಟುಹೋಗಿರುತ್ತದೆ. ಶಿವಶರಣಪ್ಪ ಅನ್ನುವ ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು ನೋಡಿ! ವೋಟರ್ ಐಡಿ, ಲೈಸೆನ್ಸ್, ಆರ್‌ಸಿ ಮೂರನ್ನೂ ಟೇಬಲ್ ಮೇಲೆ ಇಟ್ಟು ಒಂದೊಂದೇ ಅಕ್ಷರ ಹೋಲಿಸಿ. ವ್ಯತ್ಯಾಸ ಇದ್ದರೆ ಈಗಲೇ ತಿದ್ದುಪಡಿಗೆ ಅರ್ಜಿ ಹಾಕಿ. ಮೂರು ತಿಂಗಳು ಬೇಕು ಅಂದದ್ದು ಮುಖ್ಯವಾಗಿ ಇದಕ್ಕೇ.

ಗಾಡಿ ಅಪ್ಪನ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಇದ್ದರೆ, "ಈ ಗಾಡಿಯನ್ನು ನೇಪಾಳಕ್ಕೆ ಒಯ್ಯಲು ನನ್ನ ಒಪ್ಪಿಗೆ ಇದೆ" ಅಂತ ಬಾಂಡ್ ಪೇಪರ್ ಮೇಲೆ ಬರೆಸಿ, ನೋಟರಿ ಮಾಡಿಸಿ. ಜೊತೆಗೆ ಅವರ ಗುರುತಿನ ಚೀಟಿಯ ಪ್ರತಿ ಇರಲಿ. ಪತ್ರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಬೇಕು. ಕನ್ನಡದಲ್ಲಿ ಬರೆಸಿದರೆ ಅಲ್ಲಿ ಓದುವವರಿಲ್ಲ. ಗಾಡಿ ಇನ್ನೂ ಸಾಲದಲ್ಲಿದ್ದರೆ ಸಾಲ ಕೊಟ್ಟ ಬ್ಯಾಂಕಿನಿಂದಲೋ ಫೈನಾನ್ಸಿನಿಂದಲೋ ಒಂದು ಒಪ್ಪಿಗೆ ಪತ್ರ ತೆಗೆದುಕೊಳ್ಳಿ.

ಇನ್ಶೂರೆನ್ಸ್ ವಿಷಯ ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ನಿಮ್ಮ ಬೈಕಿನ ಪಾಲಿಸಿ ಭಾರತದೊಳಗೆ ಮಾತ್ರ ನಡೆಯುತ್ತದೆ. ಗಡಿ ದಾಟಿದ ಕೂಡಲೇ ಅದರ ರಕ್ಷಣೆ ನಿಂತುಹೋಗುತ್ತದೆ. ಆದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಅದರ ವ್ಯಾಪ್ತಿಯನ್ನು ನೇಪಾಳ, ಭೂತಾನ್, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್, ಪಾಕಿಸ್ತಾನಕ್ಕೆ ವಿಸ್ತರಿಸಲು ಅವಕಾಶ ಇದೆ. ಏಜೆಂಟರಿಗೆ "ಜಿಯೋಗ್ರಾಫಿಕಲ್ ಏರಿಯಾ ಎಕ್ಸ್‌ಟೆನ್ಶನ್, ಐಎಂಟಿ 1" ಅಂತ ಹೇಳಿ. ಆ ಒಂದು ಸಾಲು ಪಾಲಿಸಿಗೆ ಸೇರಿ, ಅದರ ಪ್ರಿಂಟ್ ಕೈಗೆ ಬರಲಿ. ಬಾಯಿಮಾತಿನಲ್ಲಿ "ಆಗ್ತದ್ರಿ, ಹೋಗಿ ಬರ್ರಿ" ಅಂದರೆ ಒಪ್ಪಬೇಡಿ.

ಗಾಡಿಯ ಪಾಲಿಸಿ ನಿಮ್ಮ ಆಸ್ಪತ್ರೆಯ ಖರ್ಚಿಗಲ್ಲ. ಅದಕ್ಕೆ ಬೇರೆ ಟ್ರಾವೆಲ್ ಇನ್ಶೂರೆನ್ಸ್ ಬೇಕು. ತೆಗೆದುಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಬೈಕ್ ಓಡಿಸುವಾಗ ಆದ ಅಪಘಾತಕ್ಕೆ ದುಡ್ಡು ಕೊಡುತ್ತೀರಾ? ಎಷ್ಟು ಮೀಟರ್ ಎತ್ತರದವರೆಗೆ ಕೊಡುತ್ತೀರಿ? ಬೆಟ್ಟದಿಂದ ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಗಿ ಬಂದರೆ ಆ ಖರ್ಚು ಮನೆ ಮಾರುವಷ್ಟಾಗಬಹುದು.

ನೇಪಾಳ ಬಿಟ್ಟು ಬೇರೆ ದೇಶದಲ್ಲಿ ಬಾಡಿಗೆ ಬೈಕ್ ಓಡಿಸುವ ಆಸೆ ಇದ್ದವರಿಗೆ ಎರಡು ಮಾತು. ಅದಕ್ಕೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಕೆಎ 32 ಕಲಬುರಗಿ ಇರಲಿ, 33 ಯಾದಗಿರಿ ಇರಲಿ, 38 ಬೀದರ್ ಇರಲಿ, ಆರ್‌ಟಿಒ ಮೂಲಕವೇ ಸಿಗುತ್ತದೆ. ಪರಿವಹನ್ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಒಂದು ವರ್ಷ ನಡೆಯುತ್ತದೆ. ನಮ್ಮ ಪರ್ಮಿಟ್ 1949ರ ಜಿನೀವಾ ಒಪ್ಪಂದದ ಪ್ರಕಾರದ್ದು. ಥಾಯ್ಲೆಂಡ್ ಅದನ್ನು ಒಪ್ಪುತ್ತದೆ. ವಿಯೆಟ್ನಾಂ 1968ರ ವಿಯೆನ್ನಾ ಒಪ್ಪಂದದ್ದನ್ನು ಮಾತ್ರ ಒಪ್ಪುತ್ತದೆ, ಹಾಗಾಗಿ ನಮ್ಮದು ಅಲ್ಲಿ ನಡೆಯುವುದಿಲ್ಲ. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀ ಕೊಟ್ಟುಬಿಡುತ್ತಾರೆ. ಅಪಘಾತ ಆದಾಗ ಇನ್ಶೂರೆನ್ಸ್ ಕಂಪನಿ ಕೇಳುತ್ತದೆ. ಪರ್ಮಿಟ್ಟಿನಲ್ಲಿ ಮೋಟಾರ್ ಸೈಕಲ್ ವರ್ಗಕ್ಕೆ ಸೀಲು ಇದೆಯಾ ನೋಡಿಕೊಳ್ಳಿ. ಪಾಸ್‌ಪೋರ್ಟನ್ನು ಎಂದೂ ಅಡವಿಡಬೇಡಿ. ಸ್ವಂತ ಬೈಕನ್ನೇ ಹಡಗಿನಲ್ಲಿ ಕಳಿಸಿ ಇರಾನ್ ಕಡೆ ಹೋಗುವಷ್ಟು ದೊಡ್ಡ ಯೋಜನೆ ಇದ್ದರೆ ಕಾರ್ನೆ ಅನ್ನುವ ಕಸ್ಟಮ್ಸ್ ಪುಸ್ತಕ ಬೇಕು. ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಅದನ್ನು ಕೊಡುತ್ತದೆ. ನೇಪಾಳಕ್ಕೆ ಇದ್ಯಾವುದೂ ಬೇಡ.

ಗಾಡಿ

ನಿಮ್ಮ ಹತ್ತಿರ ಈಗ ಇರುವ, ನಿಮ್ಮ ಕೈಗೆ ಪಳಗಿದ ಗಾಡಿಯೇ ಒಳ್ಳೆಯದು. ಈ ಪ್ರಯಾಣಕ್ಕಾಗಿ ಸಾಲ ಮಾಡಿ ದೊಡ್ಡ ಬೈಕ್ ಕೊಳ್ಳಬೇಡಿ. ಒಬ್ಬರೇ ಹೋದರೆ 125 ಸಿಸಿ ಗಾಡಿಯೂ ಮುಕ್ತಿನಾಥ ಮುಟ್ಟುತ್ತದೆ, ನಿಧಾನಕ್ಕೆ. ಹಿಂದೆ ಇನ್ನೊಬ್ಬರು, ಮೇಲೆ ಸಾಮಾನು ಅಂದರೆ 150 ಸಿಸಿಗಿಂತ ಮೇಲಿರಲಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಪ್ರತಿ ಸಾವಿರ ಮೀಟರಿಗೆ ಎಂಜಿನ್ ಸುಮಾರು ಹತ್ತನೇ ಒಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಕಲಬುರಗಿ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಮುಕ್ತಿನಾಥ 3,700 ಮೀಟರ್ ದಾಟುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ಶಕ್ತಿ ಹೋಯಿತು ಅಂತ ಲೆಕ್ಕ ಹಾಕಿ. ಹಳೆಯ ಕಾರ್ಬುರೇಟರ್ ಗಾಡಿಗೆ ಅಲ್ಲಿ ಪೆಟ್ರೋಲ್ ಹೆಚ್ಚಾಗಿ, ಗಾಳಿ ಕಡಿಮೆಯಾಗಿ ಕಪ್ಪು ಹೊಗೆ ಬರುತ್ತದೆ, ಮುಗ್ಗರಿಸುತ್ತದೆ. ಫ್ಯುಯೆಲ್ ಇಂಜೆಕ್ಷನ್ ಇರುವ ಗಾಡಿ ತಾನೇ ಹೊಂದಿಸಿಕೊಳ್ಳುತ್ತದೆ.

ಹೊರಡುವ ಒಂದು ತಿಂಗಳ ಮೊದಲು ಸರ್ವಿಸ್ ಮಾಡಿಸಿ. ಹಿಂದಿನ ದಿನ ಮಾಡಿಸಬೇಡಿ. ಹೊಸ ಬ್ರೇಕ್ ಪ್ಯಾಡ್, ಹೊಸ ಕ್ಲಚ್ ಪ್ಲೇಟ್ ಹಾಕಿದ ಮೇಲೆ ಐನೂರು ಕಿಲೋಮೀಟರಾದರೂ ಊರ ಸುತ್ತ ಓಡಿಸಿ ನೋಡಬೇಕು. ಮಿಸ್ತ್ರಿ ಏನಾದರೂ ಸಡಿಲ ಬಿಟ್ಟಿದ್ದರೆ ಇಲ್ಲೇ ಗೊತ್ತಾಗಲಿ. ಅರ್ಧ ಸವೆದ ಟೈರ್ ಇದ್ದರೆ ಬದಲಿಸಿಬಿಡಿ. ಚೈನ್ ಸೆಟ್ ಅರ್ಧಕ್ಕಿಂತ ಜಾಸ್ತಿ ಓಡಿದ್ದರೆ ಚೈನು, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ. ಏರ್ ಫಿಲ್ಟರ್, ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್ ಹೊಸದಿರಲಿ. ಬ್ಯಾಟರಿ ಹಳೆಯದಾಗಿದ್ದರೆ ಚಳಿಯಲ್ಲಿ ಸೆಲ್ಫ್ ಎತ್ತುವುದಿಲ್ಲ. ಫೋರ್ಕಿನಲ್ಲಿ ಎಣ್ಣೆ ಸೋರುತ್ತಿದೆಯಾ ಬೆರಳು ಸವರಿ ನೋಡಿ.

ಸರ್ವಿಸ್ ಆಗುವಾಗ ಪಕ್ಕದಲ್ಲೇ ಕೂತುಕೊಳ್ಳಿ. ಚೈನ್ ಬಿಗಿ ಮಾಡುವುದು, ಪಂಕ್ಚರ್ ಹಾಕುವುದು, ಕ್ಲಚ್ ವೈರ್ ಬದಲಿಸುವುದು, ಫ್ಯೂಸ್ ಹುಡುಕುವುದು, ಈ ನಾಲ್ಕನ್ನು ಮಿಸ್ತ್ರಿಯ ಮುಂದೆ ನಿಮ್ಮ ಕೈಯಿಂದಲೇ ಮಾಡಿ ಕಲಿಯಿರಿ. "ಅಣ್ಣಾ, ನೀ ಬರೀ ನೋಡು, ನಾ ಮಾಡ್ತೀನಿ" ಅಂದರೆ ಯಾವ ಮಿಸ್ತ್ರಿಯೂ ಬೇಡ ಅನ್ನುವುದಿಲ್ಲ. ಯಾವ ಬೋಲ್ಟಿಗೆ ಯಾವ ಪಾನಾ ಅಂತ ಆಗಲೇ ಬರೆದುಕೊಂಡು ಅಷ್ಟನ್ನೇ ಟೂಲ್ ಕಿಟ್‌ಗೆ ಹಾಕಿ. ಜೊತೆಗೆ ಕ್ಲಚ್ ವೈರ್, ಎಕ್ಸಲೇಟರ್ ವೈರ್, ಪ್ಲಗ್, ಫ್ಯೂಸ್, ಚೈನ್ ಲಾಕ್, ಟ್ಯೂಬ್ ಅಥವಾ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಕೈಯಿಂದ ಹೊಡೆಯುವ ಗಾಳಿ ಪಂಪು, ಎಂ-ಸೀಲ್, ಪ್ಲಾಸ್ಟಿಕ್ ಟ್ಯಾಗು, ಬ್ರೇಕ್ ಮತ್ತು ಕ್ಲಚ್ಚಿನ ಹೆಚ್ಚುವರಿ ಲಿವರ್. ನಿಂತ ಗಾಡಿ ಕಲ್ಲಿನ ಮೇಲೆ ವಾಲಿ ಬಿದ್ದರೆ ಮೊದಲು ಮುರಿಯುವುದು ಲಿವರೇ.

ಮೈ ಪಳಗಿಸುವುದು

ಎಂಟು ತಾಸು ಸೀಟಿನ ಮೇಲೆ ಕೂರುವುದಕ್ಕೆ ಸೊಂಟಕ್ಕೆ, ಮುಂಗೈಗೆ ಅಭ್ಯಾಸ ಬೇಕು. ಪ್ರತಿ ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಹೊರಡಿ. ಒಂದು ವಾರ ಹುಮನಾಬಾದ್ ಮೇಲೆ ಬೀದರಿಗೆ ಹೋಗಿ ಬನ್ನಿ. ಇನ್ನೊಂದು ವಾರ ಶಹಾಪುರ, ಸುರಪುರ, ಯಾದಗಿರಿ ಸುತ್ತಿ ಬನ್ನಿ. ಎರಡೂ ಇನ್ನೂರು ಕಿಲೋಮೀಟರ್ ದಾಟುತ್ತವೆ. ತಿರುವು, ಇಳಿಜಾರಿನ ಅಭ್ಯಾಸಕ್ಕೆ ನಮ್ಮಲ್ಲಿ ಇರುವುದು ಚಿಂಚೋಳಿಯ ಕುಂಚಾವರಂ ಕಾಡಿನ ದಾರಿ. ಕೊನೆಯ ಎರಡು ಓಡಾಟ ನೇಪಾಳಕ್ಕೆ ಒಯ್ಯುವ ಅಷ್ಟೂ ಸಾಮಾನು ಕಟ್ಟಿಕೊಂಡೇ ಆಗಲಿ. ಖಾಲಿ ಗಾಡಿ ನಿಲ್ಲುವ ದೂರದಲ್ಲಿ ತುಂಬಿದ ಗಾಡಿ ನಿಲ್ಲುವುದಿಲ್ಲ ಅನ್ನುವುದು ಕೈಗೆ ತಿಳಿಯಬೇಕು.

ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವ ಚಟ ಬಯಲುಸೀಮೆಯ ನಮಗೆಲ್ಲ ಇರುತ್ತದೆ, ಯಾಕೆಂದರೆ ನಮ್ಮ ಇಳಿಜಾರು ಒಂದು ನಿಮಿಷಕ್ಕೆ ಮುಗಿದುಬಿಡುತ್ತದೆ. ಅಲ್ಲಿ ಒಂದು ತಾಸು ಇಳಿಯುತ್ತಲೇ ಇರಬೇಕು. ಬ್ರೇಕ್ ಕಾದು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳಲಿ. ಬ್ರೇಕನ್ನು ಆಗಾಗ ಒತ್ತಿ ಬಿಡಿ. ಎಂಜಿನ್ ಆಫ್ ಮಾಡಿ ಉರುಳಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಇನ್ನೊಂದು ಅಭ್ಯಾಸ ಮಳೆಗಾಲದಲ್ಲಿ ಪುಕ್ಕಟೆ ಸಿಗುತ್ತದೆ. ಎರಿ ಹೊಲದ ಬಂಡಿದಾರಿಯಲ್ಲಿ ಮಳೆ ನಿಂತ ಮರುದಿನ ನಿಧಾನಕ್ಕೆ ಗಾಡಿ ಓಡಿಸಿ ನೋಡಿ. ಮಣ್ಣು ಮಡ್‌ಗಾರ್ಡಿನಲ್ಲಿ ಗಟ್ಟಿಯಾಗಿ ಚಕ್ರ ನಿಲ್ಲುತ್ತದಲ್ಲ, ಅಲ್ಲಿ ಗಾಬರಿಯಾಗದೆ ಕಾಲು ಊರಿ, ಗಾಡಿ ಬೀಳದಂತೆ ಹೊರಗೆ ತರುವುದನ್ನು ಕಲಿತವರಿಗೆ ಮುಕ್ತಿನಾಥದ ದಾರಿಯಲ್ಲಿ ಬೇನಿ ಊರು ದಾಟಿದ ಮೇಲಿನ ಕೆಸರು ಕಷ್ಟ ಆಗುವುದಿಲ್ಲ. ಅಲ್ಲಿನ ಕೆಸರಿನ ಕೆಳಗೆ ಕಲ್ಲುಗಳಿರುತ್ತವೆ, ಅಂಟುವುದು ಕಡಿಮೆ, ಜಾರುವುದು ಜಾಸ್ತಿ.

ಸಾಮಾನು, ಬುತ್ತಿ

ಬಟ್ಟೆ ಪದರು ಪದರಾಗಿ ಇರಲಿ. ಸಾವಿರ ಮೀಟರ್ ಏರಿದರೆ ಆರೇಳು ಡಿಗ್ರಿ ಚಳಿ ಹೆಚ್ಚಾಗುತ್ತದೆ. ಮುಕ್ತಿನಾಥಕ್ಕೆ ಹತ್ತುವ ಮೊದಲು ಸಿಗುವ ಪೋಖರಾ ನಗರದಲ್ಲಿ ಅಂಗಿ ಸಾಕು ಅನ್ನಿಸುವ ದಿನವೇ ಮುಕ್ತಿನಾಥದಲ್ಲಿ ಹದಿನೆಂಟು ಡಿಗ್ರಿಯಷ್ಟು ಕಡಿಮೆ ಇರಬಹುದು. ಒಳಗೆ ಥರ್ಮಲ್, ನಡುವೆ ಉಣ್ಣೆಯದ್ದು, ಮೇಲೆ ಗಾಳಿ ತಡೆಯುವ ಜಾಕೆಟ್. ಐಎಸ್‌ಐ ಗುರುತಿನ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಇಬ್ಬರಿಗೂ ಬೇಕು. ಮಂಡಿಗೆ ಗಾರ್ಡ್, ಪಾದ ಮುಚ್ಚುವ ಶೂ, ಎರಡು ಜೊತೆ ಗ್ಲೌಸ್, ರೇನ್ ಕೋಟ್. ಭಾರ ಆದಷ್ಟು ಕೆಳಗೆ, ಎರಡೂ ಬದಿಗೆ ಸಮವಾಗಿ ಕಟ್ಟಿ.

ಊಟಕ್ಕೆ ನಮ್ಮ ಖಡಕ್ ರೊಟ್ಟಿಯಷ್ಟು ಒಳ್ಳೆಯದು ಬೇರೆ ಇಲ್ಲ. ಸಜ್ಜೆಯದೋ ಜೋಳದ್ದೋ, ಚೆನ್ನಾಗಿ ಒಣಗಿಸಿದ್ದು ವಾರಗಟ್ಟಲೆ ಕೆಡುವುದಿಲ್ಲ. ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಜೋಡಿಸಿದರೆ ಪುಡಿಯಾಗುವುದೂ ಕಡಿಮೆ. ಶೇಂಗಾ ಹಿಂಡಿ, ಅಗಸಿ ಹಿಂಡಿ ಜೊತೆಗಿದ್ದರೆ, ಮೊಸರು ಸಿಕ್ಕಲ್ಲಿ ಊಟ ಆಯಿತು. ರಸ್ತೆ ಬಂದ್ ಆಗಿ ಗುಡ್ಡದ ನಡುವೆ ನಾಲ್ಕು ತಾಸು ನಿಂತಾಗ ಇದರ ಬೆಲೆ ಗೊತ್ತಾಗುತ್ತದೆ. ನೇಪಾಳದ ಊಟ ಅಂದರೆ ದಾಲ್-ಭಾತ್. ಅನ್ನ, ಬೇಳೆ, ತರಕಾರಿ. ತೊಗರಿ ನಾಡಿನವರಿಗೆ ಅದು ಪರಕೀಯ ಅನ್ನಿಸುವುದಿಲ್ಲ.

ಔಷಧಿಯ ಡಬ್ಬಿಯಲ್ಲಿ ಓಆರ್‌ಎಸ್, ಬ್ಯಾಂಡೇಜ್, ಜ್ವರ ಮತ್ತು ಭೇದಿಯ ಮಾತ್ರೆ ಇರಲಿ. ದಿನಾ ತೆಗೆದುಕೊಳ್ಳುವ ಮಾತ್ರೆ ಇದ್ದರೆ ಪೂರ್ತಿ ಪ್ರಯಾಣಕ್ಕೆ ಸಾಕಾಗುವಷ್ಟು, ಡಾಕ್ಟರ ಚೀಟಿ ಸಮೇತ. ರಕ್ತದ ಗುಂಪು ಮತ್ತು ಮನೆಯವರ ನಂಬರ್ ಬರೆದ ಚೀಟಿ ಹೆಲ್ಮೆಟ್ ಒಳಗೆ ಅಂಟಿಸಿ.

ದುಡ್ಡು, ಫೋನು

ಲೆಕ್ಕ ಸುಲಭ. 1993ರಿಂದ ನಮ್ಮ 1 ರೂಪಾಯಿಗೆ ನೇಪಾಳದ 1.60 ರೂಪಾಯಿ ಅಂತ ನಿಗದಿ ಆಗಿದೆ. ನಮ್ಮ ನೂರಕ್ಕೆ ಅವರ ನೂರ ಅರವತ್ತು. ಬೆಲೆ ಕೇಳುವಾಗ "ಐಸಿಯೋ, ಎನ್‌ಸಿಯೋ" ಅಂತ ಕೇಳಿ. ಐಸಿ ಅಂದರೆ ನಮ್ಮ ದುಡ್ಡು, ಎನ್‌ಸಿ ಅಂದರೆ ಅವರದ್ದು. ದೊಡ್ಡ ಭಾರತೀಯ ನೋಟುಗಳ ನಿಯಮ ಅಲ್ಲಿ ಹಲವು ಸಲ ಬದಲಾಗಿದೆ. ನೂರರ ನೋಟುಗಳನ್ನು ಒಯ್ದರೆ ಎಲ್ಲೂ ತಕರಾರಿಲ್ಲ. 2024ರ ಮಾರ್ಚ್‌ನಿಂದ ನೇಪಾಳದ ಫೋನ್‌ಪೇ ಜಾಲದ ಕ್ಯೂಆರ್‌ಗೆ ನಮ್ಮ ಯುಪಿಐ ನಡೆಯುತ್ತದೆ. ಅದು ನಮ್ಮಲ್ಲಿನ ಫೋನ್‌ಪೇ ಅಲ್ಲ, ಅಲ್ಲಿಯದೇ ಬೇರೆ ಕಂಪನಿ. ಪೇಟೆಯಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ಬೆಟ್ಟದಲ್ಲಿ ನಗದು ಇಲ್ಲದೆ ಹೋಗಬೇಡಿ.

ಗಡಿ ದಾಟಿದ ಮೇಲೆ ಎನ್‌ಸೆಲ್ ಅಥವಾ ನೇಪಾಳ ಟೆಲಿಕಾಂ ಸಿಮ್ ತೆಗೆದುಕೊಳ್ಳಿ. ಗುರುತಿನ ಚೀಟಿ, ಫೋಟೋ ಕೇಳುತ್ತಾರೆ. ಪೂರ್ತಿ ದಾರಿಯ ಮ್ಯಾಪನ್ನು ಕಲಬುರಗಿಯಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅಲ್ಲಿನ ಪೊಲೀಸ್ 100, ಆಂಬುಲೆನ್ಸ್ 102, ಟೂರಿಸ್ಟ್ ಪೊಲೀಸ್ 1144. ದಿನಾ ರಾತ್ರಿ ಇಂಥ ಹೊತ್ತಿಗೆ ಫೋನ್ ಮಾಡುತ್ತೇನೆ ಅಂತ ಮನೆಯಲ್ಲಿ ಅವ್ವನಿಗೆ ಹೇಳಿಡಿ. ಸಿಗ್ನಲ್ ಇಲ್ಲದ ದಿನವೂ ಬರಬಹುದು ಅಂತಲೂ ಮೊದಲೇ ಹೇಳಿಡಿ, ಗಾಬರಿಯಾಗುವುದಿಲ್ಲ.

ಗಡಿವರೆಗಿನ ದಾರಿ

ಕಲಬುರಗಿಯಿಂದ ಸುನೌಲಿ ಗಡಿಗೆ ಸುಮಾರು 1,600 ಕಿಲೋಮೀಟರ್. ಹುಮನಾಬಾದ್, ಬೀದರ್ ಮೇಲೆ ನಾಂದೇಡ್. ಅಲ್ಲಿಂದ ಯವತಮಾಳ, ನಾಗಪುರ, ಸಿವನಿ, ಜಬಲ್‌ಪುರ, ರೇವಾ, ವಾರಾಣಸಿ, ಗೋರಖ್‌ಪುರ. ದಿನಕ್ಕೆ 300 ಕಿಲೋಮೀಟರಿಗೆ ನಿಲ್ಲಿಸಿ. ನಾಂದೇಡಿನಲ್ಲಿ ಹಜೂರ್ ಸಾಹೇಬ್ ಗುರುದ್ವಾರ ಇದೆ. ನಮ್ಮ ಬೀದರಿನ ನಾನಕ್ ಝೀರಾ ಹಾಗೆಯೇ ಅಲ್ಲೂ ಲಂಗರ್ ಇದೆ, ಯಾತ್ರಿಗಳಿಗೆ ಉಳಿಯಲು ಜಾಗವೂ ಇದೆ. ನಾಗಪುರ ದಾಟಿದ ಮೇಲೆ ಹೆದ್ದಾರಿ ಪೆಂಚ್ ಹುಲಿ ಕಾಡಿನ ನಡುವೆ ಹೋಗುತ್ತದೆ. ಪ್ರಾಣಿಗಳು ಕೆಳಗೆ ದಾಟಲಿ ಅಂತ ರಸ್ತೆಯನ್ನೇ ಎತ್ತರಿಸಿ ಕಟ್ಟಿದ್ದಾರೆ. ಆ ಭಾಗವನ್ನು ಬೆಳಕಿದ್ದಾಗಲೇ ದಾಟಿ. ಕತ್ತಲಾದ ಮೇಲೆ ಎಲ್ಲೂ ಓಡಿಸಬೇಡಿ, ಒಂದು ದಿನ ಹೆಚ್ಚಾದರೂ ಪರವಾಗಿಲ್ಲ.

ರಜೆ ಕಡಿಮೆ ಇರುವವರು ಗಾಡಿಯನ್ನು ರೈಲಿಗೆ ಹಾಕಬಹುದು. ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಆರ್‌ಸಿ, ಗುರುತಿನ ಚೀಟಿಯ ಪ್ರತಿ ಕೇಳುತ್ತಾರೆ. ಟ್ಯಾಂಕ್ ಖಾಲಿ ಮಾಡಿ, ಗೋಣಿ ತಟ್ಟು ಸುತ್ತಿಸಬೇಕು. ಕನ್ನಡಿ ಬಿಚ್ಚಿ ಬ್ಯಾಗಿಗೆ ಹಾಕಿಕೊಳ್ಳಿ.

ಗಡಿಯಲ್ಲಿ

ಹಿಂದಿನ ರಾತ್ರಿ ಗೋರಖ್‌ಪುರದಲ್ಲಿ ಮಲಗಿ, ಬೆಳಿಗ್ಗೆ ಗಡಿಗೆ ಹೋಗಿ. ಆಚೆಗಿನ ಊರು ಬೇಲಹಿಯಾ. ಅಲ್ಲಿ ಭನ್ಸಾರ್ ಕಚೇರಿ, ಅಂದರೆ ಕಸ್ಟಮ್ಸ್. ಆರ್‌ಸಿ, ಲೈಸೆನ್ಸ್, ಗುರುತಿನ ಚೀಟಿ ತೋರಿಸಿ, ಎಷ್ಟು ದಿನ ಇರುತ್ತೀರೋ ಅಷ್ಟು ದಿನದ ಶುಲ್ಕ ಕಟ್ಟಬೇಕು. ಆಮೇಲೆ ಯಾತಾಯಾತ್ ಪರ್ಮಿಟ್, ಅಂದರೆ ರಸ್ತೆಯ ಪರವಾನಗಿ. ದರ ಬದಲಾಗುತ್ತಿರುತ್ತದೆ, ಬೋರ್ಡ್ ನೋಡಿ ಕಟ್ಟಿ, ರಸೀದಿ ಇಸಿದುಕೊಳ್ಳಿ. "ನಾನು ಮಾಡಿಸಿಕೊಡ್ತೀನಿ" ಅಂತ ಬರುವ ದಲ್ಲಾಳಿಗಳಿಗೆ ಕಾಗದ ಕೊಡಬೇಡಿ. ಕಿಟಕಿಗೆ ನೀವೇ ಹೋದರೆ ಕೆಲಸ ಆಗುತ್ತದೆ.

ಎಂಟು ದಿನದ ಯೋಜನೆ ಇದ್ದರೆ ಹತ್ತು ದಿನಕ್ಕೆ ಕಟ್ಟಿ. ಇದು ನನ್ನ ಗಟ್ಟಿ ಅಭಿಪ್ರಾಯ. ರಸ್ತೆ ಕುಸಿದು ಒಂದು ದಿನ ಸಿಕ್ಕಿಬಿದ್ದರೂ ಅವಧಿ ಮೀರಿದರೆ ದಂಡ ಬೀಳುತ್ತದೆ. ಆ ಗಡಿಬಿಡಿಯಲ್ಲಿ ರಾತ್ರಿ ಬೆಟ್ಟ ಇಳಿಯುವುದಕ್ಕಿಂತ ಎರಡು ದಿನದ ದುಡ್ಡು ಹೋದರೆ ಹೋಗಲಿ. ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ಇಟ್ಟುಕೊಳ್ಳಿ, ನೇಪಾಳದ ಸಮಯ ಅಷ್ಟು ಮುಂದಿದೆ. ಕುಡಿದು ಓಡಿಸುವುದರ ಮೇಲೆ ಅಲ್ಲಿ ಬಹಳ ಬಿಗಿ ಇದೆ.

ಎತ್ತರ

ಗಡಿ ದಾಟಿದ ಮೇಲೆ ಸಿಗುವ ಬುಟ್ವಲ್ ಪೇಟೆಯಿಂದ ತಾನ್ಸೇನ್ ಮೇಲೆ ಪೋಖರಾಕ್ಕೆ ಹೋಗುವ ಸಿದ್ಧಾರ್ಥ ಹೆದ್ದಾರಿ ಹೆಸರಿಗೆ ಹೆದ್ದಾರಿ, ಇಕ್ಕಟ್ಟಿನ ಬೆಟ್ಟದ ದಾರಿ. ಬುಟ್ವಲ್ ಬಿಟ್ಟ ಕೂಡಲೇ ಸಿದ್ಧಬಾಬಾ ಅನ್ನುವ ಜಾಗದಲ್ಲಿ ಮೇಲಿನಿಂದ ಕಲ್ಲು ಬೀಳುತ್ತವೆ. ಅಲ್ಲಿ ಫೋಟೋಗೆ ನಿಲ್ಲಬೇಡಿ. ಪೋಖರಾದಲ್ಲಿ ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಮಾಡಿಸಬೇಕು. ಭಾರತವೂ ಸೇರಿದ ಸಾರ್ಕ್ ದೇಶಗಳವರಿಗೆ ಕಡಿಮೆ ದರ ಇದೆ, ಕೇಳಿ ಪಡೆಯಿರಿ. ಕಾಗ್‌ಬೇನಿ ದಾಟಿ ಮೇಲಿನ ಮುಸ್ತಾಂಗ್‌ಗೆ ಹೋಗಲು ಬೇರೆಯೇ ಪರ್ಮಿಟ್ ಬೇಕು. ಅದಿಲ್ಲದೆ ಆ ಕಡೆ ತಿರುಗಬೇಡಿ.

ಪೋಖರಾದಿಂದ ಮುಕ್ತಿನಾಥ ಇನ್ನೂರು ಕಿಲೋಮೀಟರಿಗಿಂತ ಕಡಿಮೆ. ನಮ್ಮ ಲೆಕ್ಕದಲ್ಲಿ ಅರ್ಧ ದಿನ. ಹಾಗೆ ಓಡಬೇಡಿ. ಪೋಖರಾ ಇರುವುದು 800 ಮೀಟರ್ ಆಸುಪಾಸಿನಲ್ಲಿ. ಒಂದೇ ದಿನದಲ್ಲಿ ಮೂರು ಸಾವಿರ ಮೀಟರ್ ಏರಿ ಅಲ್ಲೇ ಮಲಗಿದರೆ ತಲೆನೋವು, ವಾಂತಿ, ನಿದ್ದೆ ಬಾರದಿರುವುದು ಶುರುವಾಗುತ್ತದೆ. 2,500 ಮೀಟರ್ ಮೇಲೆ ಯಾರಿಗೆ ಬೇಕಾದರೂ ಹೀಗಾಗಬಹುದು. ಗಟ್ಟಿಮುಟ್ಟಾದ ಹುಡುಗರಿಗೂ ಆಗುತ್ತದೆ. ಮೊದಲ ರಾತ್ರಿ ತಾತೋಪಾನಿಯಲ್ಲಿ ಇಳಿದುಕೊಳ್ಳಿ, ಸುಮಾರು 1,200 ಮೀಟರ್, ಬಿಸಿನೀರಿನ ಬುಗ್ಗೆ ಇದೆ. ಎರಡನೇ ರಾತ್ರಿ ಕಾಲೋಪಾನಿ, 2,500 ಮೀಟರ್. ಮೂರನೆಯದು ಮಾರ್ಫಾ ಅಥವಾ ಜೋಮ್‌ಸೋಮ್, 2,700. ಮರುದಿನ ಬೆಳಿಗ್ಗೆ ಬೇಗ ಮುಕ್ತಿನಾಥಕ್ಕೆ ಹೋಗಿ, ದರ್ಶನ ಮಾಡಿ, ಮಲಗುವುದಕ್ಕೆ ಕೆಳಗೇ ಬನ್ನಿ. ತಲೆನೋವು ಶುರುವಾದರೆ ಮೇಲೆ ಹೋಗಬಾರದು. ನಡೆಯುವಾಗ ಓಲಾಡುತ್ತಿದ್ದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟುತ್ತಿದ್ದರೆ ಆ ಕ್ಷಣವೇ ಕೆಳಗಿಳಿಸಬೇಕು. ಇದಕ್ಕೆ ಡಯಾಮಾಕ್ಸ್ ಅನ್ನುವ ಮಾತ್ರೆ ಇದೆ. ಊರಲ್ಲೇ ಡಾಕ್ಟರನ್ನು ಕೇಳದೆ ನುಂಗಬೇಡಿ, ಸಲ್ಫಾ ಅಲರ್ಜಿ ಇದ್ದವರು ಅದನ್ನು ಅವರಿಗೆ ಹೇಳಲೇಬೇಕು.

ಬೆಳಿಗ್ಗೆ ಬೇಗ ಅಂದದ್ದಕ್ಕೆ ಇನ್ನೊಂದು ಕಾರಣ ಕಾಳಿಗಂಡಕಿ ನದಿ ಕಣಿವೆಯ ಗಾಳಿ. ಹನ್ನೊಂದು ಗಂಟೆ ಹೊತ್ತಿಗೆ ಕಣಿವೆಯಲ್ಲಿ ಗಾಳಿ ಎದ್ದು ಸಂಜೆವರೆಗೆ ಬೀಸುತ್ತದೆ. ಧೂಳು, ಸಣ್ಣ ಕಲ್ಲು ಮುಖಕ್ಕೆ ಬಡಿಯುತ್ತವೆ, ಹಗುರ ಗಾಡಿ ಪಕ್ಕಕ್ಕೆ ಸರಿಯುತ್ತದೆ. ಇಳಿಯುವಾಗ ಅದು ಎದುರಿಗೇ ಬರುತ್ತದೆ. ಹೊತ್ತು ಮೀರಿದರೆ ಜೋಮ್‌ಸೋಮ್‌ನಲ್ಲೇ ಉಳಿದು ಮರುದಿನ ಇಳಿಯಿರಿ. ಮುಕ್ತಿನಾಥದ 108 ಧಾರೆಗಳ ಕೆಳಗೆ ಸ್ನಾನ ಮಾಡುವ ಮನಸ್ಸಿದ್ದವರು ಒಣ ಟವೆಲ್, ಬೇರೆ ಒಳಬಟ್ಟೆ, ಉಣ್ಣೆ ಟೋಪಿ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಆ ನೀರು ಮಂಜಿನಷ್ಟು ತಣ್ಣಗಿರುತ್ತದೆ. ಒದ್ದೆ ಮೈಯಲ್ಲಿ ಗಾಡಿ ಹತ್ತಬಾರದು.

ಮರಳುವಾಗ

ಗಡಿ ದಾಟುವ ಮೊದಲು ಭನ್ಸಾರ್ ಚೀಟಿಯನ್ನು ಕಚೇರಿಗೆ ತೋರಿಸಿ ಲೆಕ್ಕ ಮುಗಿಸಿ. ಹಾಗೇ ಬಂದುಬಿಟ್ಟರೆ ಗಾಡಿ ಅವರ ದಾಖಲೆಯಲ್ಲಿ ಇನ್ನೂ ನೇಪಾಳದಲ್ಲೇ ಉಳಿಯುತ್ತದೆ, ಮುಂದಿನ ಸಲ ತೊಂದರೆ. ಒಂದು ವರ್ಷದಲ್ಲಿ ಹೊರಗಿನ ಗಾಡಿಗೆ ಅಲ್ಲಿ ಒಟ್ಟು 30 ದಿನ ಮಾತ್ರ ಅವಕಾಶ ಅನ್ನುವುದೂ ನೆನಪಿರಲಿ.

ಗೋರಖ್‌ಪುರದಲ್ಲಿ ಅರ್ಧ ದಿನ ನಿಂತು ಗಾಡಿ ತೊಳೆಸಿ. ಕೆಸರು ಹೋದ ಮೇಲೆಯೇ ಸಡಿಲಾದ ಬೋಲ್ಟು, ಬಿರುಕು ಬಿಟ್ಟ ಕ್ಯಾರಿಯರ್, ಸೋರುವ ಸೀಲು ಕಾಣುವುದು. ಚೈನಿಗೆ ಎಣ್ಣೆ, ಬ್ರೇಕ್ ಪ್ಯಾಡ್, ಗಾಳಿ, ಮೂರನ್ನೂ ಅಲ್ಲೇ ನೋಡಿಸಿ, ಯಾಕೆಂದರೆ ಇನ್ನೂ 1,500 ಕಿಲೋಮೀಟರ್ ಇದೆ. ಊರಿಗೆ ಬಂದ ವಾರದೊಳಗೆ ಎಂಜಿನ್ ಆಯಿಲ್, ಏರ್ ಫಿಲ್ಟರ್ ಬದಲಿಸಿ. ಎರಡೂ ಚಕ್ರದ ಬೇರಿಂಗ್, ಹ್ಯಾಂಡಲ್ಲಿನ ಕೋನ್‌ಸೆಟ್ ಪರೀಕ್ಷೆ ಮಾಡಿಸಿ. ತಂತಿ ಚಕ್ರ ಇದ್ದರೆ ಸ್ಪೋಕ್ ಬಿಗಿ ಮಾಡಿಸಿ, ಅಲಾಯ್ ಚಕ್ರ ಇದ್ದರೆ ಅಂಚಿನಲ್ಲಿ ಬಿರುಕು ಬಿದ್ದಿದೆಯಾ ಅಂತ ಟೈರ್ ಬಿಚ್ಚಿಸಿಯೇ ನೋಡಿ.